ಬೆಳಕು ಬಿದ್ದಾಗ ಮಾತ್ರ ತೆರೆದುಕೊಳ್ಳುವ ಔಷಧ ಸಂಪುಟ: ಕಾಲೇಜಿನ ಪ್ರಯೋಗಾಲಯದಲ್ಲಿ ತಯಾರಿಸಿ ಪರೀಕ್ಷಿಸುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿಯುವ ಗಳಿಗೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ. ಹದವಾಗಿ ಕಾದ ಮರಳಿನಲ್ಲಿ ಅಕ್ಕಿ ಕೆಲವೇ ಸೆಕೆಂಡುಗಳಲ್ಲಿ ಅರಳಿ ಮೇಲೆದ್ದುಬಿಡುತ್ತದೆ. ಅದೇ ಅಕ್ಕಿಯನ್ನು ಸಣ್ಣ ಉರಿಯ ಬಾಣಲೆಯಲ್ಲಿ ಅರ್ಧ ಗಂಟೆ ಹುರಿದರೆ ಕೆಂಪಾಗುತ್ತದೆಯೇ ಹೊರತು ಅರಳುವುದಿಲ್ಲ, ಏಕೆಂದರೆ ಕಾಳಿನೊಳಗಿನ ತೇವ ನಿಧಾನವಾಗಿ ಹೊರಗೆ ಹೋಗಲು ಸಮಯ ಸಿಕ್ಕಿಬಿಡುತ್ತದೆ. ಎರಡೂ ಕಡೆ ಕೊಟ್ಟದ್ದು ಶಾಖವೇ. ಎಷ್ಟು ಕೊಟ್ಟೆವು ಎನ್ನುವುದರ ಜೊತೆಗೆ ಎಷ್ಟು ಬೇಗ, ಎಷ್ಟು ಚಿಕ್ಕ ಜಾಗದಲ್ಲಿ ಕೊಟ್ಟೆವು ಎನ್ನುವುದೂ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಗೋಡೆಯಲ್ಲಿ ಚಿನ್ನದ ನ್ಯಾನೊಕಣಗಳನ್ನು ಕೂರಿಸಿದ ಔಷಧ ಸಂಪುಟವನ್ನು, ಅಂದರೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಟೊಳ್ಳು ಕ್ಯಾಪ್ಸೂಲನ್ನು, ಬೆಳಕಿನಿಂದ ತೆರೆಯುವ ಕೆಲಸದಲ್ಲೂ ಇದೇ ಲೆಕ್ಕ ನಡೆಯುತ್ತದೆ.

ದಾವಣಗೆರೆ ಮತ್ತು ಚಿತ್ರದುರ್ಗದ ಕಾಲೇಜುಗಳಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ ಅಥವಾ ಫಾರ್ಮಸಿ ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ವಿಷಯದಲ್ಲಿ ಪ್ರಾಜೆಕ್ಟ್ ಮಾಡಬೇಕೆಂದು ಬಂದಾಗ ನಾನು ಹೇಳುವ ಮಾತುಗಳನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಈ ವಿಧಾನದಲ್ಲಿ ನಿಜವಾದ ಔಷಧವನ್ನು ಬಳಸುವುದಿಲ್ಲ; ಅದರ ಬದಲಿಗೆ ಹಸಿರು ಬಣ್ಣದಲ್ಲಿ ಹೊಳೆಯುವ, ಎಫ್‌ಐಟಿಸಿ ಬಣ್ಣ ಕಟ್ಟಿದ ಡೆಕ್ಸ್‌ಟ್ರಾನ್ ಎಂಬ ಸಕ್ಕರೆಯ ಸರಪಳಿಯನ್ನು ಸಂಪುಟದೊಳಗೆ ತುಂಬುತ್ತೇವೆ. ತಯಾರಾದದ್ದನ್ನು ಪ್ರಾಣಿಗಾಗಲಿ ಮನುಷ್ಯನಿಗಾಗಲಿ ಕೊಡುವ ಪ್ರಶ್ನೆಯೇ ಇಲ್ಲ. ಇಲ್ಲಿ ಕಲಿಯಬೇಕಾದದ್ದು ಒಂದೇ: ಸಂಪುಟವನ್ನು ತೆರೆದದ್ದು ಬೆಳಕೇ ಎಂದು ಸಾಬೀತು ಮಾಡುವುದು ಹೇಗೆ? ತೆರೆಯುವ ಸಂಪುಟವನ್ನು ಯಾರಾದರೂ ಮಾಡಬಹುದು, ಏಕೆಂದರೆ ಎಲ್ಲ ಸಂಪುಟಗಳೂ ಒಂದಲ್ಲ ಒಂದು ದಿನ ಸೋರುತ್ತವೆ. ಕತ್ತಲಲ್ಲಿ ಸೋರದೆ ಕುಳಿತಿರುವ ಸಂಪುಟವನ್ನು ಮಾಡುವುದೇ ಕಷ್ಟದ ಕೆಲಸ.

ಮಂಡಕ್ಕಿಯ ದಾರಿ, ಬೆಣ್ಣೆಯ ದಾರಿ

ಬೆಳಕಿನಿಂದ ಸಂಪುಟ ತೆರೆಯಲು ಹಲವು ಉಪಾಯಗಳಿವೆ. ಅಜೋಬೆಂಜೀನ್‌ನಂಥ ಅಣುಗಳು 365 ನ್ಯಾನೊಮೀಟರ್ ಆಸುಪಾಸಿನ ನೇರಳಾತೀತ ಬೆಳಕು ಬಿದ್ದಾಗ ಮಡಚಿಕೊಳ್ಳುತ್ತವೆ. ನೈಟ್ರೊಬೆಂಜೈಲ್ ಗುಂಪಿನ ಅಣುಗಳು ಅದೇ ಬೆಳಕಿಗೆ ಮುರಿಯುತ್ತವೆ. ಆದರೆ ನೇರಳಾತೀತ ಬೆಳಕು ಚರ್ಮದ ಮೇಲ್ಪದರದಲ್ಲೇ ನಿಂತುಹೋಗುತ್ತದೆ, ಜೀವಕೋಶಕ್ಕೂ ಹಾನಿ ಮಾಡುತ್ತದೆ. ಹೀಗಾಗಿ ಬೆಳಕನ್ನು ಹೀರಿ ಶಾಖವಾಗಿ ಬದಲಿಸುವ ಕಣಗಳ ದಾರಿಯನ್ನೇ ನಾವು ಹಿಡಿಯುತ್ತೇವೆ. ಅದರಲ್ಲಿಯೂ ಎರಡು ಕವಲುಗಳಿವೆ, ಅವುಗಳಿಗೆ ನಾನು ಊರಿನ ಹೆಸರುಗಳನ್ನೇ ಇಟ್ಟುಕೊಂಡಿದ್ದೇನೆ.

ಮೊದಲನೆಯದು ಮಂಡಕ್ಕಿಯ ದಾರಿ. ಇಲ್ಲಿ ಗೋಡೆಯಲ್ಲಿರುವ ಚಿನ್ನದ ಕಣದ ಸುತ್ತಲಿನ ಕೆಲವು ನ್ಯಾನೊಮೀಟರ್‌ನಷ್ಟು ಜಾಗ ಮಾತ್ರ ಕ್ಷಣದಲ್ಲಿ ಕಾದು ಗೋಡೆ ಹರಿಯುತ್ತದೆ, ಪಕ್ಕದ ನೀರು ತಣ್ಣಗೆ ಇರುತ್ತದೆ. ಎರಡನೆಯದು ಬೆಣ್ಣೆಯ ದಾರಿ. ಕಾವಲಿಯ ಮೇಲಿನ ದೋಸೆಗೆ ಹಾಕಿದ ಬೆಣ್ಣೆ ಒಂದು ಉಷ್ಣತೆ ದಾಟಿದೊಡನೆ ಕರಗಿ ಹರಿಯುವಂತೆ, ಡಿಪಿಪಿಸಿ ಎಂಬ ಕೊಬ್ಬಿನಿಂದ ಮಾಡಿದ ಪುಟ್ಟ ಗುಳ್ಳೆಯಾದ ಲೈಪೊಸೋಮ್‌ನ ಗೋಡೆ 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಡಿಲವಾಗಿ ಒಳಗಿನದನ್ನು ಹೊರಬಿಡುತ್ತದೆ. ಬೆಳಕು ಇಡೀ ಜಾಗವನ್ನು ಮೆಲ್ಲಗೆ ಬಿಸಿ ಮಾಡಿದರೆ ಸಾಕು. ಚಿಕಿತ್ಸೆಯ ದೃಷ್ಟಿಯಿಂದ ಬೆಣ್ಣೆಯ ದಾರಿ ಹತ್ತಿರದ್ದು, ಆದರೆ ಏಪ್ರಿಲ್ ತಿಂಗಳಲ್ಲಿ ಹವೆ 38–39 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ, ಫ್ಯಾನ್ ಕೂಡ ನಿಂತ ಮಧ್ಯಾಹ್ನ ಮೇಜಿನ ಮೇಲಿಟ್ಟ ಡಿಪಿಪಿಸಿ ಲೈಪೊಸೋಮ್‌ಗೂ ಅದರ ಕರಗುವ ಬಿಂದುವಿಗೂ ನಡುವೆ ಉಳಿಯುವುದು ಎರಡೋ ಮೂರೋ ಡಿಗ್ರಿ ಮಾತ್ರ. 32 ಡಿಗ್ರಿಯಲ್ಲೇ ಕುಗ್ಗುವ ಪಿಎನ್‌ಐಪಿಎಎಂ ಪಾಲಿಮರ್ ಅಂತೂ ಬೇಸಿಗೆಯಲ್ಲಿ ಬಾಟಲಿಯಲ್ಲೇ ತನ್ನ ಕೆಲಸ ಮುಗಿಸಿರುತ್ತದೆ. ಆದ್ದರಿಂದ ಮೊದಲ ಸಲ ಮಾಡುವವರಿಗೆ ಮಂಡಕ್ಕಿಯ ದಾರಿಯನ್ನೇ ಸೂಚಿಸುತ್ತೇನೆ, ಮುಂದಿನ ವಿವರವೆಲ್ಲ ಅದಕ್ಕೆ ಸೇರಿದ್ದು.

ನೀರು, ಗಾಜು, ಕಣ್ಣು

ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಸ್ಟೀಲ್ ಪಾತ್ರೆಯ ತಳದ ಬಿಳಿ ಪೊರೆಯಲ್ಲೇ ಕಾಣುತ್ತದೆ. ಚಿನ್ನದ ಕಣಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವುದು ಅವುಗಳ ಮೈಮೇಲಿನ ಋಣ ವಿದ್ಯುದಂಶದ ಬಲದಿಂದ. ಕ್ಯಾಲ್ಸಿಯಂ, ಮೆಗ್ನೀಸಿಯಂ ಅಥವಾ ಉಪ್ಪು ಸೇರಿದರೆ ಆ ವಿಕರ್ಷಣೆ ಮುಚ್ಚಿಹೋಗಿ ಕಣಗಳು ಗುಂಪುಗೂಡುತ್ತವೆ. ಒಮ್ಮೆ ನಮ್ಮ ಡಿಸ್ಟಿಲೇಷನ್ ಯಂತ್ರ ಕೆಟ್ಟಿದ್ದಾಗ, ಬ್ಯಾಟರಿಗೆ ಹಾಕುವ ‘ಡಿಸ್ಟಿಲ್ಡ್ ವಾಟರ್’ ಎಂದು ಬರೆದಿದ್ದ ಕ್ಯಾನ್ ಒಂದನ್ನು ಅಂಗಡಿಯಿಂದ ತಂದು ಬಳಸಿದೆ. ದ್ರಾಕ್ಷಾರಸದಂಥ ಕೆಂಪಿನಲ್ಲಿದ್ದ ಚಿನ್ನದ ದ್ರಾವಣ ಆ ನೀರು ಬಿದ್ದ ಎರಡು ನಿಮಿಷದಲ್ಲಿ ನೇರಳೆಯಾಗಿ, ಊಟ ಮುಗಿಸಿ ಬರುವಷ್ಟರಲ್ಲಿ ಬೂದು ನೀಲಿಯಾಗಿ ತಳಕ್ಕೆ ಇಳಿದಿತ್ತು. ಅಂದಿನಿಂದ ಎರಡು ಸಲ ಬಟ್ಟಿ ಇಳಿಸಿದ ನೀರಲ್ಲದೆ ಬೇರೆ ನೀರನ್ನು ಚಿನ್ನದ ಹತ್ತಿರ ಬಿಟ್ಟಿಲ್ಲ.

ಚಿನ್ನದ ಕಣ ತಯಾರಿಸುವ ಫ್ಲಾಸ್ಕ್ ಮತ್ತು ಮ್ಯಾಗ್ನೆಟ್ ಕಡ್ಡಿಯನ್ನು ಮೂರು ಪಾಲು ಹೈಡ್ರೊಕ್ಲೋರಿಕ್ ಆಮ್ಲ, ಒಂದು ಪಾಲು ನೈಟ್ರಿಕ್ ಆಮ್ಲ ಸೇರಿಸಿದ ಅಕ್ವಾ ರೀಜಿಯಾದಿಂದ ತೊಳೆಯಬೇಕು. ಈ ಮಿಶ್ರಣವನ್ನು ಫ್ಯೂಮ್ ಹುಡ್‌ನೊಳಗೆ, ಕೈಗವಸು ಮತ್ತು ಮುಖಕವಚ ಹಾಕಿಕೊಂಡು, ಬೇಕಾದಷ್ಟೇ ಮಾಡಿಕೊಳ್ಳಬೇಕು. ಅದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಇಡಬಾರದು, ಏಕೆಂದರೆ ಅನಿಲದ ಒತ್ತಡಕ್ಕೆ ಬಾಟಲಿ ಒಡೆಯುತ್ತದೆ. ಅಸಿಟೋನ್‌ನಂಥ ಸಾವಯವ ದ್ರಾವಕ ಅದರ ಬಳಿಯೂ ಸುಳಿಯಬಾರದು.

ಲೇಸರ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. 5ರಿಂದ 500 ಮಿಲಿವ್ಯಾಟ್‌ವರೆಗಿನ ಲೇಸರ್‌ಗಳು 3ಬಿ ವರ್ಗಕ್ಕೆ, ಅದಕ್ಕಿಂತ ಹೆಚ್ಚಿನವು 4ನೇ ವರ್ಗಕ್ಕೆ ಸೇರುತ್ತವೆ. ಇವುಗಳ ನೇರ ಕಿರಣವಿರಲಿ, ಹೊಳೆಯುವ ಚಿಮಟದಿಂದ ಪ್ರತಿಫಲಿಸಿದ ಕಿರಣವೂ ಕಣ್ಣಿನ ಅಕ್ಷಿಪಟಲವನ್ನು ಸುಡಬಲ್ಲದು. ಅಗ್ಗದ ಹಸಿರು ಲೇಸರ್‌ಗಳಲ್ಲಿ ಒಂದು ಗುಪ್ತ ಅಪಾಯವೂ ಇದೆ. ಅವುಗಳೊಳಗೆ 808 ನ್ಯಾನೊಮೀಟರ್ ಬೆಳಕು ಹರಳನ್ನು ಪ್ರಚೋದಿಸಿ 1064 ಆಗಿ, ಅದು ಅರ್ಧವಾಗಿ 532 ನ್ಯಾನೊಮೀಟರ್‌ನ ಹಸಿರಾಗುತ್ತದೆ. ಕೊನೆಯಲ್ಲಿರಬೇಕಾದ ಅವಕೆಂಪು ಸೋಸುಗವನ್ನು ತಯಾರಕರು ಬಿಟ್ಟಿದ್ದರೆ, ಕಣ್ಣಿಗೆ ಕಾಣದ ಆ ಎರಡು ಬೆಳಕುಗಳೂ ಹೊರಗೆ ಬರುತ್ತವೆ. ಆಗ ಹಸಿರಿಗೆ ಮಾತ್ರ ತಡೆಯಾಗುವ ಕನ್ನಡಕ ನಿಮ್ಮನ್ನು ಕಾಯುವುದಿಲ್ಲ, ಮೀಟರ್ ತೋರಿಸುವ ಶಕ್ತಿಯ ಅಂಕಿಯೂ ಸುಳ್ಳಾಗುತ್ತದೆ. ಮೂರು ತರಂಗಾಂತರಗಳಿಗೂ ತಡೆಯಿರುವ ಕನ್ನಡಕವನ್ನೇ ಕೊಳ್ಳಿರಿ, ಲೇಸರ್ ಮುಂದೆ ಅವಕೆಂಪು ತಡೆಯುವ ಸೋಸುಗವನ್ನು ನೀವೇ ಕೂರಿಸಿರಿ.

ಮೊದಲ ದಿನ: ಚಿನ್ನದ ಕಣಗಳು

1951ರಲ್ಲಿ ಟರ್ಕೆವಿಚ್ ಮತ್ತು ಸಂಗಡಿಗರು ವಿವರಿಸಿದ ಸಿಟ್ರೇಟ್ ವಿಧಾನಕ್ಕಿಂತ ಸುಲಭವಾದದ್ದು ಇಂದಿಗೂ ಇಲ್ಲ. ಶೇ 0.01ರ ಕ್ಲೋರೊಆರಿಕ್ ಆಮ್ಲದ ದ್ರಾವಣವನ್ನು 100 ಮಿ.ಲೀ. ತೆಗೆದುಕೊಂಡು, ಕಲಕುತ್ತಲೇ ಚೆನ್ನಾಗಿ ಕುದಿಸಿರಿ. ಕುದಿ ಹಿಡಿದ ಮೇಲೆ ಶೇ 1ರ ಟ್ರೈಸೋಡಿಯಂ ಸಿಟ್ರೇಟ್ ದ್ರಾವಣ 2 ಮಿ.ಲೀ. ಅನ್ನು ಒಂದೇ ಸಲಕ್ಕೆ ಸೇರಿಸಿರಿ. ತೆಳು ಹಳದಿ ಮೊದಲು ಬಣ್ಣವಿಲ್ಲದಂತಾಗಿ, ಮಸಿ ಕದಡಿದಂತೆ ಕಪ್ಪಗಾಗಿ, ಕೆಲವು ನಿಮಿಷಗಳಲ್ಲಿ ಮಾಣಿಕ್ಯದ ಕೆಂಪಿಗೆ ಬರುತ್ತದೆ. ಬಣ್ಣ ಸ್ಥಿರವಾದ ಮೇಲೆ ಇನ್ನೂ ಹತ್ತು ನಿಮಿಷ ಕುದಿಸಿ, ಕಲಕುತ್ತಲೇ ಆರಿಸಿರಿ. ಈ ಅಳತೆಯಲ್ಲಿ ಸುಮಾರು 16 ನ್ಯಾನೊಮೀಟರ್‌ನ ಕಣಗಳು ಬರುತ್ತವೆ. ಸಿಟ್ರೇಟ್ ಕಡಿಮೆ ಮಾಡಿದರೆ ಕಣ ದೊಡ್ಡದಾಗುತ್ತದೆ. ಕ್ಲೋರೊಆರಿಕ್ ಆಮ್ಲದ ಬೆಲೆ ಕೇಳಿ ಗಾಬರಿಯಾಗುವವರು ಗಮನಿಸಬೇಕು: ಒಂದು ಗ್ರಾಂ ಲವಣದಿಂದ ಇಂಥ ದ್ರಾವಣ 10 ಲೀಟರ್ ಆಗುತ್ತದೆ, ಒಂದು ತರಗತಿಗೆ ಒಂದು ವರ್ಷಕ್ಕೆ ಅದು ಹೆಚ್ಚೇ.

ಯಾವ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆಂದು ತೋರಿಸುವ ಯುವಿ ವಿಸಿಬಲ್ ಯಂತ್ರದಲ್ಲಿ ಹೀರಿಕೆಯ ಶಿಖರ 520 ನ್ಯಾನೊಮೀಟರ್ ಸುತ್ತ ಇದ್ದು, 650ರ ಆಚೆ ರೇಖೆ ನೆಲ ಹಿಡಿದಿರಬೇಕು. ಶಿಖರ ಅಗಲವಾಗಿ ಬಲಕ್ಕೆ ವಾಲಿದ್ದರೆ ಕಣಗಳು ಗುಂಪುಗೂಡಿವೆ ಎಂದೇ ಅರ್ಥ. ಆ ದ್ರಾವಣವನ್ನು ಬಳಸಬೇಡಿರಿ. 532 ನ್ಯಾನೊಮೀಟರ್‌ನ ಹಸಿರು ಲೇಸರ್ ಈ ಶಿಖರದ ಹೆಗಲ ಮೇಲೆಯೇ ಬೀಳುವುದರಿಂದ ಇವೆರಡೂ ಒಳ್ಳೆಯ ಜೋಡಿ.

ಎರಡನೆಯ ದಿನ: ಅಚ್ಚು ಮತ್ತು ತುಂಬುವಿಕೆ

ಟೊಳ್ಳಾದ ಸಂಪುಟ ಮಾಡಲು ಮೊದಲು ಗಟ್ಟಿ ಅಚ್ಚು ಬೇಕು, ಅದರ ಮೇಲೆ ಗೋಡೆ ಕಟ್ಟಿ ಆಮೇಲೆ ಅಚ್ಚನ್ನು ಕರಗಿಸುತ್ತೇವೆ. ಸುಣ್ಣದ ಕಣಗಳು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಇದಕ್ಕೆ ಅಗ್ಗದ ಮತ್ತು ಸಾಧುವಾದ ಅಚ್ಚು. ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 4.85 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ, ನಿರ್ಜಲ ಸೋಡಿಯಂ ಕಾರ್ಬೊನೇಟ್ 3.5 ಗ್ರಾಂ ಅನ್ನು ಮತ್ತೊಂದು 100 ಮಿ.ಲೀ. ನೀರಿನಲ್ಲಿ ಕರಗಿಸಿದರೆ ಎರಡೂ 0.33 ಮೋಲಾರ್ ಆಗುತ್ತವೆ. ಮೊದಲನೆಯದರ 5 ಮಿ.ಲೀ. ತೆಗೆದುಕೊಂಡು ಅದರಲ್ಲಿ 70 ಕಿಲೊಡಾಲ್ಟನ್ ತೂಕದ ಎಫ್‌ಐಟಿಸಿ ಡೆಕ್ಸ್‌ಟ್ರಾನ್ 5ರಿಂದ 10 ಮಿಲಿಗ್ರಾಂ ಕರಗಿಸಿರಿ. ಸ್ಟಿರರ್ ಮೇಲೆ ಬಿರುಸಾಗಿ ಕಲಕುತ್ತಿರುವಾಗ ಎರಡನೆಯ ದ್ರಾವಣದ 5 ಮಿ.ಲೀ. ಅನ್ನು ಒಮ್ಮೆಲೇ ಸುರಿದು, ಸರಿಯಾಗಿ 30 ಸೆಕೆಂಡು ಕಲಕಿ ನಿಲ್ಲಿಸಿರಿ, ಹತ್ತು ನಿಮಿಷ ಅಲುಗಾಡಿಸದೆ ಬಿಡಿರಿ. ಹಾಲಿನಂತಾದ ದ್ರವದಲ್ಲಿ ಕೆಲವು ಮೈಕ್ರೊಮೀಟರ್ ಅಗಲದ ದುಂಡು ಕಣಗಳು ಹುಟ್ಟಿ, ಬೆಳೆಯುತ್ತಲೇ ಡೆಕ್ಸ್‌ಟ್ರಾನ್ ಅನ್ನು ತಮ್ಮ ರಂಧ್ರಗಳಲ್ಲಿ ಸೆರೆಹಿಡಿದುಕೊಳ್ಳುತ್ತವೆ.

ಮೂರು ಸಲ ನೀರಿನಿಂದ ತೊಳೆದು, ತೊಳೆದ ನೀರನ್ನೆಲ್ಲ ಒಂದೆಡೆ ಕೂಡಿಸಿಡಿರಿ. ಅದರ ಹೊಳಪನ್ನು ಅಳೆದು, ಹಾಕಿದ ಒಟ್ಟು ಡೆಕ್ಸ್‌ಟ್ರಾನ್‌ನಿಂದ ಕಳೆದರೆ ಒಳಗೆ ಉಳಿದದ್ದು ಎಷ್ಟೆಂದು ತಿಳಿಯುತ್ತದೆ. ಈ ಅಂಕಿ ಇಲ್ಲದೆ ಕೊನೆಯಲ್ಲಿ ಬರೆಯುವ ಶೇಕಡಾವಾರು ಬಿಡುಗಡೆಗೆ ಆಧಾರವೇ ಇರುವುದಿಲ್ಲ.

ಇಲ್ಲಿ ಗಡಿಯಾರ ನೋಡುತ್ತಿರಬೇಕು. ದುಂಡಗಿರುವ ಈ ಕಣಗಳು ವ್ಯಾಟೆರೈಟ್ ಎಂಬ ಅಸ್ಥಿರ ರೂಪದವು. ನೀರಿನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಕರಗಿ ಮತ್ತೆ ಹರಳುಗಟ್ಟಿ ಕ್ಯಾಲ್ಸೈಟ್ ಆಗುತ್ತವೆ, ಆಗ ಒಳಗೆ ಸೆರೆಯಾಗಿದ್ದ ಡೆಕ್ಸ್‌ಟ್ರಾನ್ ಹೊರಬೀಳುತ್ತದೆ. ಒಂದು ಹನಿಯನ್ನು ಸ್ಲೈಡ್ ಮೇಲಿಟ್ಟು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿರಿ. ರಾಗಿ ಕಾಳಿನಂತೆ ದುಂಡಗೆ ಕಂಡರೆ ಮುಂದುವರಿಯಬಹುದು. ಕಲ್ಲುಸಕ್ಕರೆಯ ಹರಳಿನಂತೆ ಮೂಲೆಗಳು ಎದ್ದಿದ್ದರೆ ಆ ಮಾಲನ್ನು ಚೆಲ್ಲಿ ಮತ್ತೆ ಮಾಡುವುದೇ ಲೇಸು. ಈ ಕಾರಣಕ್ಕೆ ಅಚ್ಚು ಮತ್ತು ಪದರದ ಕೆಲಸವನ್ನು ಒಂದೇ ದಿನ, ಬೆಳಿಗ್ಗೆಯೇ ಶುರುಮಾಡಿ ಮುಗಿಸಬೇಕು. ಕರೆಂಟ್ ಹೋದರೆ, ಕಣಗಳನ್ನು ರಭಸವಾಗಿ ತಿರುಗಿಸಿ ತಳಕ್ಕಿಳಿಸುವ ಸೆಂಟ್ರಿಫ್ಯೂಜ್ ನಿಲ್ಲುತ್ತದೆ ಎನ್ನುವುದು ನೆನಪಿರಲಿ, ಆದರೆ ಈ ಕಣಗಳು ಭಾರವಾದ್ದರಿಂದ ಕೊಳವೆಯನ್ನು ಹಾಗೆಯೇ ನಿಲ್ಲಿಸಿಟ್ಟರೂ ನಿಧಾನಕ್ಕೆ ತಳ ಸೇರುತ್ತವೆ.

ಸುತ್ತಿನ ಮೇಲೆ ಸುತ್ತು

ಚಿತ್ರದುರ್ಗವನ್ನು ಏಳು ಸುತ್ತಿನ ಕೋಟೆ ಎನ್ನುತ್ತೇವೆ. ನಮ್ಮ ಸಂಪುಟದ ಗೋಡೆಯೂ ಸುತ್ತಿನ ಮೇಲೆ ಸುತ್ತಾಗಿ ಏಳುತ್ತದೆ, ಒಂದು ಸುತ್ತು ಧನ ವಿದ್ಯುದಂಶದ್ದು, ಅದರ ಮೇಲಿನದು ಋಣದ್ದು. ಈ ಪದರ ಕಟ್ಟುವ ಉಪಾಯವನ್ನು 1990ರ ದಶಕದ ಆರಂಭದಲ್ಲಿ ಗೆರೊ ಡೆಕರ್ ಬೆಳೆಸಿದರು; 1998ರಲ್ಲಿ ಹೆಲ್ಮುತ್ ಮೋವಾಲ್ಡ್ ಅವರ ಬಳಗ ಇದೇ ಉಪಾಯದಿಂದ ಟೊಳ್ಳು ಸಂಪುಟಗಳನ್ನು ಮಾಡಿ ತೋರಿಸಿತು.

ಧನ ಪದರಕ್ಕೆ ಪಾಲಿಅಲೈಲಮೀನ್ ಹೈಡ್ರೊಕ್ಲೋರೈಡ್, ಋಣ ಪದರಕ್ಕೆ ಪಾಲಿಸ್ಟೈರೀನ್ ಸಲ್ಫೊನೇಟ್ ಬೇಕು. ಮುಂದೆ ಇವನ್ನು ಪಿಎಎಚ್ ಮತ್ತು ಪಿಎಸ್‌ಎಸ್ ಎಂದು ಕರೆಯುತ್ತೇನೆ. ಎರಡನ್ನೂ ಪ್ರತಿ ಮಿ.ಲೀ.ಗೆ 2 ಮಿಲಿಗ್ರಾಂನಂತೆ, 0.5 ಮೋಲಾರ್ ಉಪ್ಪುನೀರಿನಲ್ಲಿ ಕರಗಿಸಿ ಪಿಎಚ್ ಮೌಲ್ಯವನ್ನು 6.5ರಿಂದ 7ರೊಳಗೆ ತನ್ನಿರಿ. ಪಿಎಎಚ್ ದ್ರಾವಣ ಹುಟ್ಟಿನಿಂದ ಹುಳಿ ಸ್ವಭಾವದ್ದು. ಸರಿಪಡಿಸದೆ ಹಾಕಿದರೆ ಸುಣ್ಣದ ಅಚ್ಚು ಕರಗಲು ತೊಡಗುತ್ತದೆ. ತೊಳೆದ ಕಣಗಳಿಗೆ 10 ಮಿ.ಲೀ. ಪಿಎಎಚ್ ಸೇರಿಸಿ 15 ನಿಮಿಷ ಮೆಲ್ಲಗೆ ಅಲುಗಾಡಿಸಿ, ಸೆಂಟ್ರಿಫ್ಯೂಜ್‌ನಲ್ಲಿ ಕಡಿಮೆ ವೇಗದಲ್ಲಿ ತಿರುಗಿಸಿ, ಮೂರು ಸಲ ನೀರಿನಿಂದ ತೊಳೆಯಿರಿ. ಆಮೇಲೆ ಪಿಎಸ್‌ಎಸ್, ಮತ್ತೆ ಮೂರು ತೊಳೆತ. ಹೀಗೆ ಎರಡು ಜೋಡಿ ಪದರ ಮುಗಿಸಿ, ಇನ್ನೊಂದು ಪಿಎಎಚ್ ಪದರ ಹಾಕಿ ನಿಲ್ಲಿಸಿರಿ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಹಿಂದಿನ ಪಾಲಿಮರ್ ಉಳಿದು, ಮುಂದಿನದರೊಂದಿಗೆ ದ್ರವದಲ್ಲೇ ಕಚ್ಚಿಕೊಂಡು ಮೊಸರು ಒಡೆದಂತೆ ಗರಣೆಗಟ್ಟುತ್ತದೆ, ಆ ಗರಣೆಯಲ್ಲಿ ಸಿಕ್ಕ ಕಣಗಳನ್ನು ಬಿಡಿಸಲು ಆಗುವುದಿಲ್ಲ. ಕಣದ ಮೈಮೇಲಿನ ವಿದ್ಯುದಂಶವನ್ನು ಸೂಚಿಸುವ ಝೀಟಾ ವಿಭವ ಅಳೆಯುವ ಯಂತ್ರ ಕೈಗೆಟುಕಿದರೆ ಪ್ರತಿ ಪದರದ ನಂತರ ಚಿಹ್ನೆ ಧನದಿಂದ ಋಣಕ್ಕೆ, ಋಣದಿಂದ ಧನಕ್ಕೆ ಹೊರಳುವುದನ್ನು ದಾಖಲಿಸಿರಿ.

ಈಗ ಚಿನ್ನದ ಸರದಿ. ಹೊರಮೈ ಧನವಾಗಿರುವ ಕಣಗಳಿಗೆ, ಉಪ್ಪು ಒಂದಿಷ್ಟೂ ಇಲ್ಲದ ನೀರಿನಲ್ಲಿ, ಋಣವಾಗಿರುವ ಚಿನ್ನದ ದ್ರಾವಣವನ್ನು 10 ಮಿ.ಲೀ.ನಂತೆ ಸೇರಿಸುತ್ತ ಹೋಗಿರಿ. ಈ ಹಂತವನ್ನು ನೋಡುವುದೇ ಒಂದು ಸಂತೋಷ. ಹತ್ತು ನಿಮಿಷ ಅಲುಗಾಡಿಸಿ ನಿಲ್ಲಿಸಿದರೆ ಮೇಲಿನ ಕೆಂಪು ನೀರು ತಿಳಿಯಾಗಿ, ತಳದ ಬಿಳಿ ಸುಣ್ಣ ಮೊದಲು ಗುಲಾಬಿಯಾಗಿ, ಇನ್ನಷ್ಟು ಚಿನ್ನ ಕುಡಿದ ಮೇಲೆ ನೇರಳೆಗೆ ತಿರುಗುತ್ತದೆ. ಮೇಲಿನ ನೀರು ಕೆಂಪಾಗಿಯೇ ಉಳಿದಾಗ ಗೋಡೆಗೆ ಸಾಕಾಯಿತು ಎಂದರ್ಥ. ಕಣಗಳು ಒತ್ತೊತ್ತಾಗಿ ಕೂತಾಗ ಹೀರಿಕೆಯ ಶಿಖರ ಕೆಂಪಿನ ಕಡೆಗೆ ಸರಿದು ಅಗಲವಾಗುವುದರಿಂದ ನೇರಳೆ ಬಣ್ಣ ಇಲ್ಲಿ ದೋಷವಲ್ಲ. ಇದರ ಮೇಲೆ ಮತ್ತೆ ಪಿಎಎಚ್, ಪಿಎಸ್‌ಎಸ್ ಜೋಡಿಗಳನ್ನು ಎರಡು ಸಲ ಹಾಕಿ ಮುಗಿಸಿರಿ. ಜೊತೆಗೆ ಇದೇ ಅಚ್ಚಿನ ಒಂದು ಪಾಲನ್ನು ಪ್ರತ್ಯೇಕವಾಗಿಟ್ಟು, ಚಿನ್ನ ಬಿಟ್ಟು ಉಳಿದೆಲ್ಲ ಪದರಗಳನ್ನು ಅದಕ್ಕೂ ಕಟ್ಟಿರಿ. ಇದನ್ನು ಮರೆತವರು ಕೊನೆಯಲ್ಲಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಮೂರನೆಯ ದಿನ: ಅಚ್ಚು ಕರಗಿಸುವುದು

0.2 ಮೋಲಾರ್ ಇಡಿಟಿಎ ದ್ರಾವಣದ ಪಿಎಚ್ ಮೌಲ್ಯವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ 7.5ಕ್ಕೆ ತಂದು ಸೇರಿಸಿದರೆ ಅದು ಕ್ಯಾಲ್ಸಿಯಂ ಅನ್ನು ಕಚ್ಚಿಕೊಂಡು ಅಚ್ಚನ್ನು ಕರಗಿಸುತ್ತದೆ. ಹಾಲಿನಂತಿದ್ದ ದ್ರವ ಅರೆಪಾರದರ್ಶಕವಾಗುವುದು ಕಣ್ಣಿಗೇ ಕಾಣುತ್ತದೆ. ಮೂರು ಸಲ ಇಡಿಟಿಎ ಬದಲಿಸಿ, ನಂತರ ಹುಳಿಯ ಮಟ್ಟವನ್ನು ಸ್ಥಿರವಾಗಿಡುವ, ಪಿಎಚ್ 7.4ರ ಬಫರ್‌ನಿಂದ ತೊಳೆಯಿರಿ. ಒಳಗಿನ ಆಸರೆ ಹೋದ ಮೇಲೆ ಸಂಪುಟಗಳು ಗಾಳಿ ಕಡಿಮೆಯಿರುವ ಬಲೂನಿನಂತೆ ಮೆತ್ತಗಿರುತ್ತವೆ. ಸೆಂಟ್ರಿಫ್ಯೂಜ್ ವೇಗವನ್ನು ಮತ್ತಷ್ಟು ತಗ್ಗಿಸಿರಿ, ಪಿಪೆಟ್‌ನಿಂದ ರಭಸವಾಗಿ ಎಳೆಯಬೇಡಿರಿ, ಫ್ರೀಜರ್‌ನಲ್ಲಿ ಇಡಲೇಬೇಡಿರಿ.

ಕತ್ತಲ ಪರೀಕ್ಷೆ

ಲೇಸರ್ ಗುಂಡಿ ಒತ್ತಲು ಕೈ ತುರಿಸುತ್ತಿರುತ್ತದೆ, ಆದರೆ ಒಂದು ವಾರ ತಡೆಯಿರಿ. ಸಂಪುಟಗಳ ದ್ರವವನ್ನು ಅಲ್ಯೂಮಿನಿಯಂ ಹಾಳೆ ಸುತ್ತಿದ ಕೊಳವೆಗಳಲ್ಲಿ ಹಂಚಿ, ಫ್ರಿಜ್‌ನ 4 ಡಿಗ್ರಿಯಲ್ಲಿ, 25 ಡಿಗ್ರಿಯಲ್ಲಿ ಮತ್ತು ಮೈಶಾಖದ 37 ಡಿಗ್ರಿಯಲ್ಲಿ ಇಡಿರಿ. 1, 6, 24 ಗಂಟೆಗಳ ನಂತರ ಮತ್ತು ಏಳನೆಯ ದಿನ ಸಂಪುಟಗಳನ್ನು ತಳಕ್ಕಿಳಿಸಿ, ಮೇಲಿನ ತಿಳಿನೀರಿನ ಹೊಳಪನ್ನು ಮಾತ್ರ ಅಳೆಯಿರಿ. ಸಂಪುಟ ಇರುವಂತೆಯೇ ಅಳೆದರೆ ಎರಡು ಕಾರಣಕ್ಕೆ ಮೋಸ ಹೋಗುತ್ತೀರಿ: ಚಿನ್ನ ಹತ್ತಿರದ ಹೊಳಪನ್ನು ನುಂಗುತ್ತದೆ, ಒಳಗೆ ದಟ್ಟವಾಗಿರುವ ಎಫ್‌ಐಟಿಸಿ ತನ್ನ ಹೊಳಪನ್ನು ತಾನೇ ಕುಂದಿಸಿಕೊಂಡಿರುತ್ತದೆ. ಎಫ್‌ಐಟಿಸಿಯ ಹೊಳಪು ಹುಳಿಯಲ್ಲಿ ಇಳಿಯುವುದರಿಂದ ಎಲ್ಲ ಅಳತೆಗಳೂ ಒಂದೇ ಬಫರ್‌ನಲ್ಲಿ ನಡೆಯಬೇಕು.

ನಾವು 70 ಕಿಲೊಡಾಲ್ಟನ್‌ನ ಡೆಕ್ಸ್‌ಟ್ರಾನ್ ಆರಿಸಿಕೊಂಡದ್ದು ಏಕೆಂದು ಈಗ ತಿಳಿಯುತ್ತದೆ. ಎಷ್ಟು ಸುತ್ತಿನ ಕೋಟೆಯಾದರೂ ಒಬ್ಬರು ನುಸುಳುವಷ್ಟು ಕಿಂಡಿ ಇದ್ದರೆ ಏನಾಗುತ್ತದೆ ಎನ್ನುವುದನ್ನು ಓಬವ್ವನ ಕಥೆ ಕೇಳಿ ಬೆಳೆದ ಊರಿನವರಿಗೆ ವಿವರಿಸಬೇಕಿಲ್ಲ. ಪಿಎಎಚ್, ಪಿಎಸ್‌ಎಸ್ ಗೋಡೆಯ ಕಿಂಡಿಗಳು ಉದ್ದ ಸರಪಳಿಯನ್ನು ತಡೆಯುತ್ತವೆ, ಆದರೆ ಸಾಧಾರಣ ಔಷಧಗಳಂಥ ಚಿಕ್ಕ ಅಣುಗಳು ಅವುಗಳ ಮೂಲಕ ನಿಮಿಷಗಳಲ್ಲಿ ನುಸುಳಿಹೋಗುತ್ತವೆ. ಚಿಕ್ಕ ಅಣು ತುಂಬಿ ‘ಬೆಳಕಿನಿಂದ ಬಿಡುಗಡೆ’ ಎಂದು ವರದಿ ಬರೆದ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿ, ಬೆಳಕು ಬರುವ ಮೊದಲೇ ಸಂಪುಟ ಖಾಲಿಯಾಗಿರುತ್ತದೆ. ನನ್ನ ಲೆಕ್ಕದಲ್ಲಿ 25 ಡಿಗ್ರಿಯ ಕತ್ತಲಲ್ಲಿ 24 ಗಂಟೆಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಸೋರಿದರೆ ಬೆಳಕಿನ ಪರೀಕ್ಷೆಗೆ ಹೋಗುವಂತಿಲ್ಲ, ಇನ್ನೊಂದೆರಡು ಜೋಡಿ ಪದರ ಸೇರಿಸಿ ಮತ್ತೆ ಕತ್ತಲಿಗೇ ಮರಳಬೇಕು.

ಬೆಳಕಿನ ಪರೀಕ್ಷೆ, ಲೆಕ್ಕದ ಸಮೇತ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. 100 ಮಿಲಿವ್ಯಾಟ್‌ನ ಹಸಿರು ಕಿರಣ 3 ಮಿ.ಮೀ. ಅಗಲವಾಗಿ ಒಂದು ಮಿ.ಲೀ. ದ್ರವವಿರುವ ಕ್ಯುವೆಟ್ (ಬೆಳಕಿನ ಅಳತೆಗೆ ಬಳಸುವ ಚಿಕ್ಕ ಪಾರದರ್ಶಕ ಪಾತ್ರೆ) ಮೇಲೆ ಐದು ನಿಮಿಷ ಬೀಳಲಿ. ಪ್ರತಿ ಚದರ ಸೆಂ.ಮೀ.ಗೆ ಸುಮಾರು 1.4 ವ್ಯಾಟ್ ಆಯಿತು. ಒಂದು ಚಿನ್ನದ ಕಣ ಈ ಬೆಳಕಿನಲ್ಲಿ ತನ್ನ ಪಕ್ಕದ ನೀರಿಗಿಂತ ಎಷ್ಟು ಹೆಚ್ಚು ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದರೆ, ಅದು ಒಂದು ಡಿಗ್ರಿಯ ಸಾವಿರದ ಒಂದಂಶವನ್ನೂ ಮುಟ್ಟುವುದಿಲ್ಲ. ಹೀರಿದ ಶಾಖವೆಲ್ಲ ಆ ಕ್ಷಣವೇ ನೀರಿಗೆ ಹರಿದುಹೋಗುತ್ತದೆ. ಆದರೆ ಐದು ನಿಮಿಷದಲ್ಲಿ ಒಟ್ಟು 30 ಜೂಲ್ ಒಳಗೆ ಹೋಗಿದೆ. ಎಲ್ಲವೂ ಹೀರಲ್ಪಟ್ಟು ಏನೂ ನಷ್ಟವಾಗದಿದ್ದರೆ ಆ ಒಂದು ಮಿ.ಲೀ. ನೀರು 7 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಆಗ ಹೊಳಪು ಏರಿದರೆ ಅದು ಸಂಪುಟ ಒಡೆದದ್ದಲ್ಲ, ಬೆಚ್ಚಗಾದ ನೀರಿನಲ್ಲಿ ಸೋರಿಕೆ ಹೆಚ್ಚಾದದ್ದು. ಇದು ಸಣ್ಣ ಉರಿಯ ಬಾಣಲೆಯಲ್ಲಿ ಅಕ್ಕಿ ಹುರಿದಂತೆ.

ಅಕ್ಕಿ ಅರಳಬೇಕಾದರೆ ಬೆಳಕನ್ನು ಜಾಗದಲ್ಲಿಯಾದರೂ ಕಾಲದಲ್ಲಿಯಾದರೂ ಕುಗ್ಗಿಸಬೇಕು. ಜಾಗದಲ್ಲಿ ಕುಗ್ಗಿಸುವುದೆಂದರೆ ಸೂಕ್ಷ್ಮದರ್ಶಕದ ವಸ್ತುಮಸೂರದ ಮೂಲಕ ಕಿರಣವನ್ನು 2 ಮೈಕ್ರೊಮೀಟರ್ ಚುಕ್ಕೆಗೆ ತರುವುದು. ಆಗ ಬರೀ 20 ಮಿಲಿವ್ಯಾಟ್ ಕೂಡ ಪ್ರತಿ ಚದರ ಸೆಂ.ಮೀ.ಗೆ ಆರು ಲಕ್ಷ ವ್ಯಾಟ್ ಮೀರುತ್ತದೆ, ಕಣದ ಸುತ್ತಲಿನ ಏರಿಕೆ ಹತ್ತಾರು ಡಿಗ್ರಿಯಾಗುತ್ತದೆ, ಒತ್ತಾಗಿ ಕೂತ ಕಣಗಳಲ್ಲಿ ಇನ್ನೂ ಹೆಚ್ಚು. ಕಾಲದಲ್ಲಿ ಕುಗ್ಗಿಸುವುದೆಂದರೆ ಭೌತಶಾಸ್ತ್ರ ವಿಭಾಗಗಳಲ್ಲಿ ಸಿಗುವ, ಸುಮಾರು 10 ನ್ಯಾನೊಸೆಕೆಂಡಿನ ಸ್ಪಂದನ ಕೊಡುವ ಎನ್‌ಡಿ ಯಾಗ್ ಲೇಸರ್ ಬಳಸುವುದು. ಇಷ್ಟು ಕಡಿಮೆ ಅವಧಿಯಲ್ಲಿ ಬಂದ ಶಾಖ ಕಣದ ಆಸುಪಾಸು ಬಿಟ್ಟು ದೂರ ಓಡಿಹೋಗಲಾರದು.

ಮೊದಲು ಸೂಕ್ಷ್ಮದರ್ಶಕದ ದಾರಿಯಲ್ಲೇ ನೋಡಿರಿ. ಕಣ್ಣುಮಸೂರವನ್ನು ತೆಗೆದು ಮುಚ್ಚಿ, ಕ್ಯಾಮೆರಾದಲ್ಲಿ ಮಾತ್ರ ನೋಡಬೇಕು. ಕ್ಯಾಮೆರಾದ ಮುಂದೆಯೂ 532 ತಡೆಯುವ ಸೋಸುಗ ಇರಬೇಕು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಗೋಲಿಗಳಂತೆ ಸಂಪುಟಗಳು ಕಾಣುತ್ತವೆ. ಒಂದರ ಮೇಲೆ ಚುಕ್ಕೆ ಇಟ್ಟು ಒಂದೆರಡು ಸೆಕೆಂಡು ಲೇಸರ್ ಬಿಟ್ಟಾಗ ಗೋಲಿಯ ಅಂಚು ಒಂದು ಕಡೆ ಕದಡಿ, ಹಸಿರು ಹೊಗೆಯಂತೆ ಹೊರಗೆ ಹರಡಿ ಮಾಯವಾಗುತ್ತದೆ, ಖಾಲಿ ಚರ್ಮದಂಥ ಗೋಡೆ ಉಳಿಯುತ್ತದೆ. ಅದರಿಂದ ಮೂವತ್ತು ಮೈಕ್ರೊಮೀಟರ್ ದೂರದಲ್ಲಿರುವ ಪಕ್ಕದ ಗೋಲಿ ಹಾಗೆಯೇ ಹೊಳೆಯುತ್ತಿರಬೇಕು. ಆ ಪಕ್ಕದ ಗೋಲಿಯೇ ನಿಮ್ಮ ಅತ್ಯುತ್ತಮ ಸಾಕ್ಷಿ. ಚಿನ್ನವಿಲ್ಲದ ಸಂಪುಟಕ್ಕೂ ಇದೇ ಲೇಸರ್ ಕೊಟ್ಟು ಏನೂ ಆಗದಿರುವುದನ್ನು ಚಿತ್ರೀಕರಿಸಿರಿ. ರೋಡಮೀನ್ ಬಿ ಅಗ್ಗವೆಂದು ಎಫ್‌ಐಟಿಸಿ ಬದಲಿಗೆ ಬಳಸಲು ಹೋಗಬೇಡಿರಿ, ಅದು 554 ನ್ಯಾನೊಮೀಟರ್ ಸುತ್ತ ಹೀರುವುದರಿಂದ ಹಸಿರು ಲೇಸರನ್ನು ತಾನೇ ಕುಡಿದು ಬಣ್ಣ ಕಳೆದುಕೊಳ್ಳುತ್ತದೆ, ಮಾಯವಾದ ಬಣ್ಣವನ್ನು ನೀವು ಬಿಡುಗಡೆ ಎಂದುಕೊಳ್ಳುತ್ತೀರಿ.

ಸ್ಪಂದನ ಲೇಸರ್ ಸಿಕ್ಕಿದರೆ ಕ್ಯುವೆಟ್‌ನಲ್ಲಿ ಅಂಕಿಗಳನ್ನು ಪಡೆಯಬಹುದು. ಅದಕ್ಕೆ ಕನಿಷ್ಠ ನಾಲ್ಕು ಕೊಳವೆಗಳು ಬೇಕು. ಚಿನ್ನವಿರುವ ಸಂಪುಟ ಬೆಳಕಿನಲ್ಲಿ ಒಂದು, ಅದೇ ಸಂಪುಟ ಕತ್ತಲಲ್ಲಿ ಇನ್ನೊಂದು, ಚಿನ್ನವಿಲ್ಲದ ಸಂಪುಟ ಬೆಳಕಿನಲ್ಲಿ ಮೂರನೆಯದು. ನಾಲ್ಕನೆಯದಾಗಿ ಚಿನ್ನವಿರುವ ಸಂಪುಟವನ್ನು ಕತ್ತಲಲ್ಲೇ ಇಟ್ಟು, ಮೊದಲ ಕೊಳವೆಯ ದ್ರವ ಎಷ್ಟು ಬಿಸಿಯಾಯಿತೋ ಅಷ್ಟೇ ಉಷ್ಣತೆಯ ನೀರಿನ ತೊಟ್ಟಿಯಲ್ಲಿ ಅಷ್ಟೇ ಹೊತ್ತು ಬಿಡಬೇಕು. ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಈ ನಾಲ್ಕನೆಯದರ ಬಗ್ಗೆಯೇ ಇರುತ್ತದೆ, ಇರಬೇಕು ಕೂಡ. ಪೂರ್ಣ ಬಿಡುಗಡೆಯ ಅಂಕಿಗಾಗಿ ಒಂದು ಪಾಲು ಸಂಪುಟಗಳನ್ನು ಮಂಜುಗಡ್ಡೆಯ ಮೇಲಿಟ್ಟು, ಶ್ರವಣಾತೀತ ಶಬ್ದದಿಂದ ಕಣಗಳನ್ನು ಒಡೆಯುವ ಪ್ರೋಬ್ ಸೋನಿಕೇಟರ್‌ನಿಂದ ಒಡೆಯಿರಿ. ಅಳೆದ ಹೊಳಪಿನಿಂದ ಆರಂಭದ ಹೊಳಪನ್ನು ಕಳೆದು, ಪೂರ್ಣ ಹೊಳಪಿನಿಂದ ಆರಂಭದ್ದನ್ನು ಕಳೆದ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಬಿಡುಗಡೆ ಸಿಗುತ್ತದೆ. ಮೂರು ಬೇರೆ ಬೇರೆ ದಿನ ತಯಾರಿಸಿದ ಮಾಲಿನಲ್ಲಿ ಇದನ್ನು ಮಾಡಬೇಕು. ಒಂದೇ ಮಾಲನ್ನು ಮೂರು ಸಲ ಅಳೆದರೆ ನಿಮ್ಮ ಯಂತ್ರದ ನಿಖರತೆಯಷ್ಟೇ ಗೊತ್ತಾಗುತ್ತದೆ.

ಮೈಯೊಳಗೆ ಹೋಗುವ ಬೆಳಕು

ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಬೆರಳುಗಳಿಗೆ ಒತ್ತಿ ಹಿಡಿಯಿರಿ. ಬಿಳಿ ಬೆಳಕು ಹಾಕಿದರೂ ಆಚೆ ಬರುವುದು ಕೆಂಪು ಮಾತ್ರ, ಏಕೆಂದರೆ ರಕ್ತದ ಹೀಮೊಗ್ಲೋಬಿನ್ ನೀಲಿಯನ್ನೂ ಹಸಿರನ್ನೂ ನುಂಗಿಬಿಡುತ್ತದೆ. ನಮ್ಮ ಹಸಿರು ಲೇಸರ್ ಪ್ರಯೋಗಾಲಯದಲ್ಲಷ್ಟೇ ಸಲ್ಲುವುದು ಇದೇ ಕಾರಣಕ್ಕೆ. ಸುಮಾರು 650ರಿಂದ 950 ನ್ಯಾನೊಮೀಟರ್ ನಡುವೆ ರಕ್ತವೂ ನೀರೂ ಕಡಿಮೆ ಹೀರುವ ಕಿಟಕಿಯೊಂದಿದೆ. ಅಲ್ಲಿ ಕೆಲಸ ಮಾಡಲು ದುಂಡು ಕಣದ ಬದಲು ಅಗಲಕ್ಕಿಂತ ಸುಮಾರು ನಾಲ್ಕು ಪಟ್ಟು ಉದ್ದದ ಚಿನ್ನದ ಕಡ್ಡಿಗಳು ಬೇಕು, ಅವು 800 ನ್ಯಾನೊಮೀಟರ್ ಸುತ್ತ ಹೀರುತ್ತವೆ. ಅವನ್ನು ಬೆಳೆಸಲು ಬಳಸುವ ಸಿಟಿಎಬಿ ಎಂಬ ಸಾಬೂನು ಜೀವಕೋಶಕ್ಕೆ ವಿಷ, ತೊಳೆದು ಬೇರೆ ಲೇಪ ಹಾಕದೆ ಮುಂದೆ ಹೋಗುವಂತಿಲ್ಲ; ಚಳಿಗಾಲದ ಬೆಳಿಗ್ಗೆ ಅದು ಬಾಟಲಿಯಲ್ಲಿ ಬಿಳಿ ಸೂಜಿಗಳಂತೆ ಹರಳುಗಟ್ಟಿರುವುದನ್ನು ನೋಡಿ ದ್ರಾವಣ ಕೆಟ್ಟಿತೆಂದು ಚೆಲ್ಲಬೇಡಿರಿ, 30 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಕರಗುತ್ತದೆ. ಕಡ್ಡಿಗಳಿಗೆ ಬಿರುಸಾದ ಸ್ಪಂದನ ಬಿದ್ದರೆ ಅವು ಕರಗಿ ದುಂಡಗಾಗಿ 800ರ ಹೀರಿಕೆಯನ್ನೇ ಕಳೆದುಕೊಳ್ಳುತ್ತವೆ ಎನ್ನುವುದನ್ನೂ ತಿಳಿದಿರಬೇಕು.

ಚರ್ಮದ ಮೇಲೆ ದೀರ್ಘಕಾಲ ಬೀಳಬಹುದಾದ ಬೆಳಕಿಗೆ ಸುರಕ್ಷತಾ ಮಿತಿಯಿದೆ. 808 ನ್ಯಾನೊಮೀಟರ್‌ಗೆ ಅದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.33 ವ್ಯಾಟ್, ಹಸಿರು ಬೆಳಕಿಗೆ 0.2 ವ್ಯಾಟ್. ನಾವು ಚುಕ್ಕೆಗೆ ಕೊಟ್ಟ ಆರು ಲಕ್ಷ ವ್ಯಾಟ್‌ನ ಪಕ್ಕದಲ್ಲಿ ಈ ಅಂಕಿಯನ್ನು ಇಟ್ಟು ನೋಡಿದರೆ, ಮಂಡಕ್ಕಿಯ ದಾರಿ ಏಕೆ ಇನ್ನೂ ಮೇಜಿನ ಮೇಲೆಯೇ ಇದೆ, ಚಿಕಿತ್ಸೆಗೆ ಹೊರಟವರು ಏಕೆ ಬೆಣ್ಣೆಯ ದಾರಿಯ ಕಡೆಗೆ ಹೊರಳುತ್ತಾರೆ ಎನ್ನುವುದು ಅರ್ಥವಾಗುತ್ತದೆ. ಅಲ್ಲಿ ಚಿನ್ನದ ಬದಲು 1959ರಿಂದಲೇ ಅಮೆರಿಕದಲ್ಲಿ ರೋಗಪತ್ತೆಗೆ ಅನುಮತಿ ಪಡೆದಿರುವ, 800 ನ್ಯಾನೊಮೀಟರ್ ಆಸುಪಾಸಿನಲ್ಲಿ ಹೀರುವ ಇಂಡೊಸಯನಿನ್ ಗ್ರೀನ್ ಬಣ್ಣವನ್ನು ಲೈಪೊಸೋಮ್‌ಗೆ ಸೇರಿಸುವ ಪ್ರಯತ್ನಗಳೂ ನಡೆದಿವೆ. 2000ದಲ್ಲಿ ಅಮೆರಿಕದಲ್ಲಿ ಕಣ್ಣಿನ ಕಾಯಿಲೆಗೆ ಒಪ್ಪಿಗೆ ಪಡೆದ ವರ್ಟೆಪೋರ್ಫಿನ್ 689 ನ್ಯಾನೊಮೀಟರ್ ಬೆಳಕಿನಿಂದ ಕೆಲಸ ಮಾಡುತ್ತದೆ ನಿಜ, ಆದರೆ ಅಲ್ಲಿ ಬೆಳಕು ಔಷಧವನ್ನೇ ಎಬ್ಬಿಸುತ್ತದೆ, ಸಂಪುಟ ತೆರೆಯುವುದಿಲ್ಲ. ಪೀಠಿಕೆ ಬರೆಯುವಾಗ ಇವೆರಡನ್ನು ಕಲಸಬೇಡಿರಿ.

ಗೋಡೆಯ ಚಿತ್ರಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾದಾಗ ಮಾದರಿಗಳನ್ನು ಬೆಂಗಳೂರಿಗೆ ಒಯ್ಯಬೇಕಾಗುತ್ತದೆ. ಬಫರ್‌ನಲ್ಲಿರುವ ಸಂಪುಟಗಳನ್ನು ಹಾಳೆ ಸುತ್ತಿ, ಥರ್ಮಾಸ್‌ನಲ್ಲಿ ಮಂಜಿಗೆ ನೇರವಾಗಿ ತಾಗದಂತೆ ಬಟ್ಟೆ ಹಾಕಿ ಇಟ್ಟುಕೊಂಡು ರಾತ್ರಿಯ ರೈಲಿನಲ್ಲಿ ಹೊರಡುವುದು ಒಳ್ಳೆಯದು; ಅದೇ ಮಾಲಿನ ಒಂದು ಕೊಳವೆಯನ್ನು ಫ್ರಿಜ್‌ನಲ್ಲಿ ಬಿಟ್ಟು ಹೋಗಿ, ಹಿಂತಿರುಗಿದ ಮೇಲೆ ಎರಡರ ತಿಳಿನೀರನ್ನೂ ಅಳೆದು ಪ್ರಯಾಣದಲ್ಲಿ ಸೋರಿದ್ದೆಷ್ಟು ಎಂದು ಬರೆದಿಡಿರಿ. ಚಿನ್ನ ಬೆರೆತ ತೊಳೆತದ ನೀರು, ಒಡೆದ ಸಂಪುಟಗಳು, ಅಕ್ವಾ ರೀಜಿಯಾ ತೊಳೆತ ಇವನ್ನೆಲ್ಲ ಸಿಂಕ್‌ಗೆ ಬಿಡದೆ ಬೇರೆ ಬೇರೆ ಗುರುತು ಚೀಟಿ ಹಚ್ಚಿದ ಬಾಟಲಿಗಳಲ್ಲಿ ಕೂಡಿಸಿರಿ, ಅಕ್ವಾ ರೀಜಿಯಾದ ಬಾಟಲಿಗೆ ಮಾತ್ರ ಆಮ್ಲವನ್ನು ನೀರು ಮತ್ತು ಸೋಡಾದಿಂದ ಪೂರ್ತಿ ಶಾಂತಗೊಳಿಸಿದ ಮೇಲೆಯೇ ಮುಚ್ಚಳ ಹಾಕಿರಿ.